ಕಾಡುಪಾಪಕ್ಕೆ ಬಿಟ್ಟ ರೆಂಬೆ

ಹೋದ ತಿಂಗಳು ನನ್ನ ಮೊಮ್ಮಗಳು ಪವಿತ್ರ ಎಂಟು ಮೀಟರ್ ಕಂಬ ಹತ್ತಿ, ತುದಿ ಮುಟ್ಟಿ, ಇಳಿದು ಬಂದಳು. ಕರೆಂಟ್ ಆಫೀಸಿನ ಲೈನ್ ಕೆಲಸಕ್ಕೆ ಇಡುವ ಪರೀಕ್ಷೆಗಳಲ್ಲಿ ಅದೂ ಒಂದು. ಬೇಲಿಯಾಚೆ ನಿಂತು ನೋಡುತ್ತಿದ್ದ ನಾನು ಅವಳ ಕಾಲು ನೆಲ ಮುಟ್ಟುವ ತನಕ ಉಸಿರು ಬಿಡಲಿಲ್ಲ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ದಿನ ಹೆಗ್ಗನಹಳ್ಳಿಯ ನಮ್ಮ ಬೀದಿಯ ಮನೆಮನೆಗೂ ಮೈಸೂರ್ ಪಾಕ್ ಹಂಚಿದೆ. ಹೊಸದಾಗಿ ಬಾಡಿಗೆಗೆ ಬಂದವರು, ಹೆಸರು ಗೊತ್ತಿಲ್ಲದವರು, ಅವರ ಕೈಗೂ ಇಟ್ಟೆ.

“ಏನ್ ತಾತ, ಮನೇಲಿ ಮದ್ವೆನಾ?” ಎಂದು ಒಬ್ಬಾಕೆ ಕೇಳಿದರು.

“ಮದ್ವೆಗಿಂತ ದೊಡ್ಡದು ಕಣಮ್ಮಾ. ನಮ್ ಹುಡ್ಗಿ ಲೈನ್‌ಮ್ಯಾನ್ ಆಗ್ತಾವ್ಳೆ” ಅಂದೆ.

ಅವಳ ಜೊತೆ ಆಯ್ಕೆಯಾದ ನಾಲ್ಕೈದು ಮಕ್ಕಳು ಮನೆಗೆ ಬಂದು, ಈ ಕೆಲಸ ನಿಜವಾಗಿ ಹೇಗಿರುತ್ತದೆ ಹೇಳಿ ಎಂದು ಕೇಳಿದರು. ಅದಕ್ಕೇ ಬರೆಯಲು ಕೂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದ ಕಡೆ ಪವಿತ್ರ ತಿದ್ದುತ್ತಾಳೆ. ಬಡ್ತಿ ಯಾವಾಗ ಬಂತು, ನಿವೃತ್ತಿಯ ದಿನ ಶಾಲು ಯಾರು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಒಂದು ರಸ್ತೆಯ ಮೇಲೆ ನಾನು ಕಡಿದು ಹಾಕಿದ ರೆಂಬೆ, ಅದನ್ನು ಮತ್ತೆ ಕೂಡಿಸಲು ಹಿಡಿದ ವರ್ಷಗಳು, ಅದರ ಕಥೆಯನ್ನು ಮಾತ್ರ ಹೇಳುತ್ತೇನೆ. ಕೆಲಸದ ಮಿಕ್ಕ ಪಾಠಗಳೆಲ್ಲ ಅದರ ಜೊತೆಗೇ ಬರುತ್ತವೆ.

ಲೈನ್‌ಮ್ಯಾನ್ ಎಂದರೆ ಕಂಬ ಹತ್ತುವವನು ಎಂದು ಜನ ತಿಳಿದಿದ್ದಾರೆ. ಹತ್ತುತ್ತೇವೆ, ಇಲ್ಲವೆಂದಲ್ಲ. ಆದರೆ ನಮ್ಮ ಅರ್ಧ ಆಯಸ್ಸು ಹೋಗುವುದು ಮರಗಳ ಜೊತೆ. ಮಳೆಗಾಲಕ್ಕೆ ಮುಂಚೆ ತಂತಿಯ ಹತ್ತಿರ ಬಂದ ರೆಂಬೆಯನ್ನೆಲ್ಲ ತೆಗೆಯಬೇಕು. ಇಲ್ಲದಿದ್ದರೆ ಮೊದಲ ಗಾಳಿಗೇ ರೆಂಬೆ ತಂತಿಗೆ ತಾಗಿ ಇಡೀ ಲೈನು ಬೀಳುತ್ತದೆ, ಅಂದರೆ ಊರಿಗೆಲ್ಲ ಕರೆಂಟ್ ಹೋಗುತ್ತದೆ. ನಾನು ಸೇರಿದಾಗ ಬಿದಿರಿನ ಏಣಿ, ಮಚ್ಚು, ಕೊಕ್ಕೆ ಕಟ್ಟಿದ ಉದ್ದನೆಯ ದೋಟಿ, ಇಷ್ಟೇ ನಮ್ಮ ಆಯುಧ. ಈಗ ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಲಾರಿ ಬಂದಿದೆ, ಮೋಟಾರು ಗರಗಸ ಬಂದಿದೆ. ಆಗ ಅರ್ಧ ದಿನ ಹಿಡಿಯುತ್ತಿದ್ದ ಮರಕ್ಕೆ ಈಗ ಅರ್ಧ ಗಂಟೆ ಸಾಕು. ಆಗಲೂ ಈಗಲೂ ಬದಲಾಗದ್ದು ಒಂದೇ: ಲೈನ್ ಕ್ಲಿಯರ್. ಅಂದರೆ ಆ ತಂತಿಯಲ್ಲಿ ಕರೆಂಟ್ ನಿಲ್ಲಿಸಿದ್ದೇವೆ ಎಂದು ಸಬ್‌ಸ್ಟೇಷನ್ನಿನವರು ಬರೆದುಕೊಡುವ ಒಪ್ಪಿಗೆ. ಬಾಯಿಮಾತಿನ ಲೈನ್ ಕ್ಲಿಯರ್ ನಂಬಬೇಡಿ. ಬರೆದುಕೊಟ್ಟರೂ ತಂತಿಗೆ ಅರ್ಥ್ ಕಟ್ಟದೆ, ಅಂದರೆ ಅದನ್ನು ನೆಲಕ್ಕೆ ಜೋಡಿಸದೆ, ಕೈ ಇಡಬೇಡಿ. ನನ್ನ ಜೊತೆಗಾರ ನಂಜುಂಡ ಒಮ್ಮೆ ಬಾಯಿಮಾತು ನಂಬಿ ಹತ್ತಿದ್ದ. ಅಭ್ಯಾಸಬಲದಿಂದ ಅರ್ಥ್ ಕಟ್ಟಿದ್ದಕ್ಕೆ ಬದುಕಿದ. ಇಳಿದು ಬಂದವನೇ ಕಂಬದ ಬುಡದಲ್ಲಿ ಕೂತು, “ಅಣ್ಣಾ, ಒಂದ್ ಬೀಡಿ ಕೊಡು” ಅಂದ. ಅವನು ಬೀಡಿ ಸೇದುವವನಲ್ಲ.

ಆ ಕಾಲದಲ್ಲಿ ನಮಗೊಬ್ಬರು ಮೇಲಧಿಕಾರಿ ಇದ್ದರು. ಒಳ್ಳೆಯವರು. ಆದರೆ ನಮ್ಮ ಕೆಲಸವನ್ನು ಅವರು ಅಳೆಯುತ್ತಿದ್ದುದು ಕಡಿದ ಸೊಪ್ಪಿನ ಗುಡ್ಡೆಯಿಂದ. ಸಂಜೆ ಜೀಪಿನಲ್ಲಿ ಬಂದು ಟ್ರ್ಯಾಕ್ಟರ್ ನೋಡುವರು. ತುಂಬಿದ್ದರೆ “ಭೇಷ್”, ಅರ್ಧವಿದ್ದರೆ “ಏನ್ರಪ್ಪಾ, ಮರದ ಕೆಳಗೆ ನಿದ್ದೆ ಹೊಡೆದ್ರಾ?” ಹಾಗಾಗಿ ಒಂದು ರೆಂಬೆ ತೆಗೆಯುವ ಕಡೆ ನಾವು ಮೂರು ತೆಗೆಯುತ್ತಿದ್ದೆವು. ಮೇಕೆ ಸಾಕಿದವರು ನಮ್ಮ ಹಿಂದೆಯೇ ಬರುತ್ತಿದ್ದರು, ಅವರಿಗೂ ಖುಷಿ. ನನ್ನ ಕೈಕೆಲಸ ಕ್ಷೌರ ಮಾಡಿದ ಹಾಗೆ ಚೊಕ್ಕ ಎಂದು ಹೆಸರಾಗಿತ್ತು. ಆ ಹೆಸರು ನನಗೂ ಹಿತವಾಗಿತ್ತು.

ಕೆಂಗೇರಿಯ ಆಚೆ ನಮ್ಮ ಆಫೀಸಿಗೆ ಸೇರಿದ ಒಂದು ಹಳೆಯ ಊರಿದೆ. ಊರ ಪಕ್ಕಕ್ಕೆ ಹುಣಸೆ, ಹೊಂಗೆ, ಹಲಸು ತುಂಬಿದ ತೋಪು. ರಸ್ತೆಯ ಇನ್ನೊಂದು ಬದಿಗೆ ಕುರುಚಲು ಕಾಡಿನ ಗುಡ್ಡ. ಹಿಂದೆ ಎರಡೂ ಒಂದೇ ಕಾಡಾಗಿತ್ತಂತೆ. ನಡುವೆ ರಸ್ತೆ ಬಂತು, ಸೈಟುಗಳು ಬಂದವು, ಶೆಡ್ಡುಗಳು ಬಂದವು. ಉಳಿದದ್ದು ಒಂದೇ ಕೊಂಡಿ. ಗುಡ್ಡದ ಬದಿಗೊಂದು ಆಲದ ಜಾತಿಯ ಗೋಣಿಮರ, ತೋಪಿನ ಬದಿಗೊಂದು ಹುಣಸೆಮರ, ಎರಡರ ರೆಂಬೆಗಳೂ ರಸ್ತೆಯ ಮೇಲೆ ಒಂದನ್ನೊಂದು ಹೆಣೆದುಕೊಂಡಿದ್ದವು. ಅದರ ನಡುವೆಯೇ ನಮ್ಮ ಹೈಟೆನ್ಷನ್ ತಂತಿ. ಒಂದು ಬೇಸಿಗೆಯಲ್ಲಿ ನಾನೇ ಹತ್ತಿ ಆ ಹೆಣಿಗೆಯನ್ನು ಪೂರಾ ತೆಗೆದೆ. ಕೆಳಗಿಂದ ನೋಡಿದರೆ ಆಕಾಶ ಚೌಕವಾಗಿ ಕಾಣುತ್ತಿತ್ತು. ಟ್ರ್ಯಾಕ್ಟರ್ ತುಂಬಿತು. ಭೇಷ್ ಅನಿಸಿಕೊಂಡೆ.

ವಾರ ಕಳೆಯುವುದರೊಳಗೆ ಅದೇ ಲೈನು ಬಿತ್ತು. ಬೆಳಿಗ್ಗೆ ನಾನೂ ನಂಜುಂಡನೂ ತಂತಿಯ ಕೆಳಗೇ ನಡೆಯುತ್ತ ಲೈನಿನ ದೋಷ ಹುಡುಕಿಕೊಂಡು ಹೋದೆವು. ಗೋಣಿಮರದ ಪಕ್ಕದ ಕಂಬದ ಮೇಲೆ ಏನೋ ಸಿಕ್ಕಿಕೊಂಡಿತ್ತು. ಲೈನ್ ಕ್ಲಿಯರ್ ತೆಗೆದುಕೊಂಡು ಹತ್ತಿ ನೋಡಿದರೆ ಕಾಡುಪಾಪ. ಬೆಕ್ಕಿನ ಮರಿಯಷ್ಟು ಮೈ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಸುಟ್ಟುಹೋಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಮರಿಯೊಂದು ಇನ್ನೂ ಉಸಿರಾಡುತ್ತಿತ್ತು.

“ಅಣ್ಣಾ, ಮುಟ್ಬೇಡ. ಅದನ್ನ ನೋಡಿದ್ರೇ ಮನೆಗಾಗಲ್ಲ ಅಂತಾರೆ” ಎಂದು ಕೆಳಗಿಂದ ನಂಜುಂಡ ಕೂಗಿದ.

“ನೋಡಾಯ್ತಲ್ಲ. ಇನ್ ಮುಟ್ಟಿದ್ರೆ ಏನ್ ಹೋಯ್ತು? ನಿನ್ ಟವಲ್ ಕೊಡು.”

ಬೈದುಕೊಂಡೇ ಕೊಟ್ಟ. ಆ ತೋಪಿನಲ್ಲಿ ಪ್ರಾಣಿಗಳ ಲೆಕ್ಕ ಮಾಡುತ್ತಿದ್ದ ವಿದ್ಯಾ ಮೇಡಂ ಎಂಬುವರು ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದರು. ಅವರ ಕೈಗೆ ಮರಿಯನ್ನು ಒಪ್ಪಿಸಿದೆವು. ಮೂರನೆಯ ದಿನ ಅದೂ ಹೋಯಿತು.

ಹೇಳಲು ಬಂದ ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ರಸ್ತೆಯಲ್ಲಿ ನಿಂತು, ಬಿಡಿಸಿ ಹೇಳಿದರು. ಕಾಡುಪಾಪ ಕೋತಿಯ ಹಾಗೆ ನೆಗೆಯುವುದಿಲ್ಲ. ಒಂದು ಕೈಯಲ್ಲಿ ಮುಂದಿನ ಕಡ್ಡಿ ಹಿಡಿದ ಮೇಲೆಯೇ ಹಿಂದಿನದನ್ನು ಬಿಡುತ್ತದೆ. ನೆಲಕ್ಕೆ ಇಳಿಯುವುದು ಅಪರೂಪ. ಇಳಿದರೆ ನಾಯಿ ಇದೆ, ಗಾಡಿ ಇದೆ. ರೆಂಬೆ ಇಲ್ಲದ್ದಕ್ಕೆ ಅದು ಸಿಕ್ಕಿದ್ದನ್ನು ಹಿಡಿದಿದೆ, ಸಿಕ್ಕಿದ್ದು ನಮ್ಮ ತಂತಿ.

“ತೋಪಲ್ಲಿ ಕೆಲವೇ ಕೆಲವು ಇವೆ ಚಿಕ್ಕಣ್ಣ ಅವ್ರೇ. ಗುಡ್ಡದಲ್ಲೂ ಅಷ್ಟೇ. ಆ ಕಡೆಯವು ಈ ಕಡೆಯವು ಸೇರದಿದ್ರೆ ತಮ್ಮತಮ್ಮಲ್ಲೇ ಮರಿ ಮಾಡ್ಕೊಂಡು ಬಡವಾಗ್ತಾ ಹೋಗ್ತವೆ. ಒಂದಿನ ಎರಡೂ ಕಡೆ ಖಾಲಿ.”

“ಅಂದ್ರೆ ಹೆಣ್ಣು ಕೊಟ್ಟು ತರೋ ದಾರೀನ ಕಡಿದೆ ಅನ್ನಿ.”

“ಹಾಗೇ ಅನ್ಕೊಳಿ.”

ಆಮೇಲೆ ಆ ರಸ್ತೆಯಲ್ಲಿ ಹೋದಾಗಲೆಲ್ಲ ನನ್ನ ಕಣ್ಣು ಮೇಲಕ್ಕೇ ಹೋಗುತ್ತಿತ್ತು. ಆ ದಾರಿಯನ್ನು ಮತ್ತೆ ಕೂಡಿಸಬೇಕು, ನನ್ನ ಸರ್ವೀಸ್ ಮುಗಿಯುವುದರೊಳಗೆ ಕೂಡಿಸಬೇಕು ಎಂದು ಮನಸ್ಸಿಗೆ ಬಂತು. ಅದಕ್ಕೆ ಯಾರೂ ನನ್ನನ್ನು ಕೇಳಿರಲಿಲ್ಲ.

ಮೊದಲ ಪ್ರಯತ್ನ ಹಗ್ಗದ ಸೇತುವೆ. ತಂತಿಗಿಂತ ಮೇಲೆ, ಮರದಿಂದ ಮರಕ್ಕೆ ಕಟ್ಟೋಣ ಎಂದು ಮೇಡಂ ದಪ್ಪ ಹಗ್ಗ ತಂದರು. ಕಟ್ಟುವುದು ನಮ್ಮ ಕೈಗೆ ಬಂತು. ಮಕ್ಕಳೇ, ಇಲ್ಲಿ ನಾವು ಮಾಡಿದ ತಪ್ಪನ್ನು ಲೈನ್‌ಮ್ಯಾನ್‌ಗಳು ಬಿಟ್ಟರೆ ಬೇರೆ ಯಾರೂ ಮಾಡಲಾರರು. ತಂತಿ ಎಳೆದು ಎಳೆದು ಪಳಗಿದ ಕೈ. ಹಗ್ಗವನ್ನೂ ಹಾಗೆಯೇ ಬಿಗಿದೆವು, ಒಂದಿಷ್ಟೂ ಜೋಲು ಬೀಳದ ಹಾಗೆ. ಬಿಗಿದು ಕೆಳಗಿಳಿದು ನೋಡಿದರೆ ಹಗ್ಗದ ಎರಡು ತುದಿಗೂ ಎಲೆ, ಕಡ್ಡಿ ತಾಗುತ್ತಿತ್ತು. ನಂಜುಂಡ, “ಅಣ್ಣಾ, ತುದೀಲಿ ಸೊಪ್ಪು ತಾಗ್ತೈತೆ” ಅಂದ. ನಾನು ಮತ್ತೆ ಹತ್ತಿ, ಎರಡು ಕಡೆಯೂ ಮೂರು ಮೊಳ ಸುತ್ತಲಿನ ಕಡ್ಡಿಯನ್ನೆಲ್ಲ ನೀಟಾಗಿ ಕತ್ತರಿಸಿದೆ. ಯಾಕೆ ಕತ್ತರಿಸುತ್ತಿದ್ದೇನೆ ಎಂದು ಒಂದು ಗಳಿಗೆಯೂ ಯೋಚನೆ ಬರಲಿಲ್ಲ. ತಾಗಿದ್ದನ್ನು ತೆಗೆಯುವುದೇ ನಮ್ಮ ಕೆಲಸವಲ್ಲವೆ?

ಮಾರನೆಯ ದಿನ ಮೇಡಂ ಬಂದು ಮೇಲೆ ನೋಡಿದರು.

“ಚಿಕ್ಕಣ್ಣ ಅವ್ರೇ, ಅಟ್ಟಕ್ಕೆ ಏಣಿ ಇಟ್ಟು ಮೇಲಿನ ಮೆಟ್ಲು, ಕೆಳಗಿನ ಮೆಟ್ಲು ಎರಡೂ ಕಿತ್ತುಹಾಕಿದ ಹಾಗಿದ್ಯಲ್ರೀ.”

ನಂಜುಂಡ ಮರದ ಹಿಂದೆ ಹೋಗಿ ನಕ್ಕ. ನನಗೆ ನಗು ಬಂದದ್ದು ಎರಡು ದಿನದ ಮೇಲೆ. ಆ ಹಗ್ಗ ಒಂದು ವರ್ಷ ಅಲ್ಲಿತ್ತು. ಅಳಿಲು ಓಡಾಡಿದವು, ಕೋತಿಗಳು ಜೋಕಾಲಿ ಆಡಿದವು. ಕಾಡುಪಾಪ ಅದರ ಹತ್ತಿರ ಸುಳಿಯಲಿಲ್ಲ. ಬಿಸಿಲಿಗೆ ಪುಡಿಯಾಗಿ ತಾನೇ ಬಿತ್ತು.

ಅಷ್ಟರಲ್ಲಿ ಕಡಿದ ಜಾಗದಲ್ಲಿ ಎರಡು ಮರಗಳೂ ಚಿಗುರಿದ್ದವು. ಆದರೆ ಚಿಗುರು ನೆಟ್ಟಗೆ ಆಕಾಶಕ್ಕೆ ಹೋಗುತ್ತಿತ್ತೇ ಹೊರತು ಅಡ್ಡಕ್ಕೆ ಬಾಗುತ್ತಿರಲಿಲ್ಲ. ಬಾಗಿದರೂ ತಂತಿ ಇದೆ, ಮತ್ತೆ ಕಡಿಯಲೇಬೇಕು. ಆಗ ಹೊಸ ಇಂಜಿನಿಯರ್ ಸಾಹೇಬರು ಬಂದಿದ್ದರು. ರೂಲ್ ಬಿಟ್ಟು ಅಲ್ಲಾಡದ ಮನುಷ್ಯ. ಧೈರ್ಯ ಮಾಡಿ ಅವರ ಮುಂದೆ ನಿಂತೆ.

“ಸಾರ್, ಆ ಒಂದು ಕಂಬದಿಂದ ಇನ್ನೊಂದು ಕಂಬದವರ್ಗೆ ಬರಿಮೈ ತಂತಿ ತೆಗೆದು, ಮೇಲೆ ಕವಚ ಇರೋ ದಪ್ಪ ಕೇಬಲ್ ಹಾಕಿದ್ರೆ?”

“ಯಾಕಪ್ಪಾ?”

ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಒಂದು ಪ್ರಾಣಿಗೋಸ್ಕರ ಕೇಬಲ್ ಹಾಕಿದೆ ಅಂತ ಮೇಲಕ್ಕೆ ಬರೀಲಾ? ನನ್ನನ್ನ ಏನಂತಾರೆ?”

ನಾನು ಬಾಗಿಲವರೆಗೆ ಬಂದಿದ್ದೆ. ಅವರು ಲೈನ್ ಬಿದ್ದದ್ದನ್ನು ಬರೆದಿಡುವ ರಿಜಿಸ್ಟರ್ ತರಿಸಿದರು. ಹಾಳೆ ತಿರುವಿದರು. ಬಾವಲಿ, ಕೋತಿ, ರೆಂಬೆ, ಮತ್ತೆ ಬಾವಲಿ. ಪ್ರತಿ ಮಳೆಗಾಲವೂ ಅದೇ ಜಾಗ.

“ಇಲ್ ನೋಡು. ಇಲ್ಲಿ ಕೇಬಲ್ ಹಾಕಿದ್ರೆ ನನಗೆ ಬರೋ ಫೋನೇ ಕಮ್ಮಿ ಆಗುತ್ತೆ. ಪಾಪಕ್ಕಲ್ಲ ಚಿಕ್ಕಣ್ಣ, ಲೈನ್ ಬೀಳೋ ಟ್ರಿಪ್ಪಿಂಗ್ ತಪ್ಪಿಸೋಕೆ ಹಾಕ್ತಿದೀನಿ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳು.”

“ಹಾಗೇ ಹೇಳ್ತೀನಿ ಸಾರ್.”

ಮೇಲಧಿಕಾರಿಯ ಹತ್ತಿರ ಹೋಗುವಾಗ ನಿಮ್ಮ ಕಾರಣ ಒಂದೇ ಹಿಡಿದುಕೊಂಡು ಹೋಗಬೇಡಿ, ಅವರ ಕಾರಣವೂ ಒಂದು ಇರಲಿ. ನನಗೆ ಅಂದು ಅದು ಗೊತ್ತಿರಲಿಲ್ಲ, ಅದೃಷ್ಟಕ್ಕೆ ರಿಜಿಸ್ಟರಿನಲ್ಲಿತ್ತು. ಕೇಬಲ್ ಬಂತು. ಹಳೆಯ ತಂತಿಗಿಂತ ಕೆಳಗೆ ಕಟ್ಟಿದೆವು. ಅದರ ಮೇಲೆ ರೆಂಬೆಗೆ ಜಾಗವಾಯಿತು. ಆದರೆ ರೆಂಬೆ?

ತೋಪಿನ ಅಂಚಿನಲ್ಲಿ ಪುಟ್ಟಮ್ಮನವರ ಸೀಬೆ ತೋಟವಿತ್ತು. ಆಕೆಗೆ ಎಪ್ಪತ್ತು ದಾಟಿತ್ತು. ನಾನು ಮರದ ಕೆಳಗೆ ನಿಂತು ಮೇಲೆ ನೋಡುವುದನ್ನು ದಿನವೂ ನೋಡಿ ಅವರಿಗೆ ಸಾಕಾಗಿರಬೇಕು.

“ಏನಪ್ಪಾ, ಆಕಾಶದಿಂದ ಏನಾರ ಉದುರ್ತೈತಾ?”

“ಇಲ್ಲ ಕಣವ್ವಾ. ಈ ಚಿಗುರು ಅಡ್ಡಕ್ಕೆ ಬರ್ತಿಲ್ಲ. ಎರಡು ಮರಾನೂ ಕೂಡಿಸ್ಬೇಕಿತ್ತು.”

“ಬರ್ತಿಲ್ಲ ಅಂದ್ರೆ? ನೀನು ಬಗ್ಗಿಸಿದ್ಯಾ?” ಎಂದು ಕೈ ಹಿಡಿದು ತೋಟದೊಳಗೆ ಕರೆದುಕೊಂಡು ಹೋದರು. ಅಲ್ಲಿ ಸೀಬೆ ಗಿಡದ ರೆಂಬೆಯನ್ನೆಲ್ಲ ಬಗ್ಗಿಸಿ ಗೂಟಕ್ಕೆ ಕಟ್ಟಿದ್ದರು. ಬಗ್ಗಿಸಿದ ರೆಂಬೆಯಲ್ಲಿ ಹೊಸ ಚಿಗುರು ಬಂದು ಕಾಯಿ ಕಚ್ಚುತ್ತದೆ. ನಮ್ಮ ಕಡೆಯ ಹಳೆಯ ಪದ್ಧತಿ. ನಮ್ಮಪ್ಪನೂ ಮಾಡುತ್ತಿದ್ದ. ಮಚ್ಚು ಹಿಡಿದ ಮೇಲೆ ನಾನು ಮರೆತಿದ್ದೆ.

“ಎಳೇದಿದ್ದಾಗ ಕಟ್ಟು. ಒಂದೇ ಸಲ ಎಳೀಬೇಡ, ಮುರೀತದೆ. ತಿಂಗಳಿಗೆ ಒಂದ್ ಗೇಣು. ಹಗ್ಗ ಬೇಡ, ಹಳೇ ಸೀರೆ ಹರಿದು ಕಟ್ಟು, ತೊಗಟೆ ಕೊಯ್ಯಲ್ಲ” ಎಂದರು. ಆಮೇಲೆ ನನ್ನ ಮುಖ ನೋಡಿ, “ಕಡಿಯೋ ಕೈಗೆ ಕಟ್ಟಾಕೆ ಬರಲ್ವೇನಪ್ಪಾ?” ಅಂದರು.

ಕೇಬಲ್ಲಿಗೆ ಕವಚವಿದ್ದರೂ ಕರೆಂಟ್ ನಿಲ್ಲಿಸದೆ ಅದರ ಹತ್ತಿರ ಹೋಗುವ ಹಾಗಿಲ್ಲ. ತಿಂಗಳಿಗೊಮ್ಮೆ ರಿಪೇರಿಗೆಂದು ಲೈನ್ ನಿಲ್ಲಿಸುವ ದಿನವೇ ನಮ್ಮ ಕೆಲಸ. ನಂಜುಂಡ ಏಣಿ ಹಿಡಿಯುವನು, ನಾನು ಹತ್ತಿ ಚಿಗುರಿಗೆ ಸೀರೆಯ ಪಟ್ಟಿ ಸುತ್ತಿ ಒಂದು ಗೇಣು ಎಳೆದು ಕಟ್ಟುವೆ. ನನ್ನ ಹೆಂಡತಿಯ ಹಳೆಯ ಸೀರೆಗಳು ಒಂದೊಂದಾಗಿ ಮರ ಹತ್ತಿದವು. “ನನಗೆ ಹೊಸದು ಯಾವಾಗ?” ಎಂದು ಅವಳು ಕೇಳುತ್ತಿದ್ದಳು. ಊರಿನವರು ಯಾವುದೋ ಹರಕೆ ಎಂದುಕೊಂಡು ಮರದ ಬುಡಕ್ಕೆ ಅರಿಶಿನ ಕುಂಕುಮ ಇಡತೊಡಗಿದರು. ನಾವು ಬೇಡವೆನ್ನಲಿಲ್ಲ. ಅರಿಶಿನ ಇಟ್ಟ ಮರಕ್ಕೆ ಯಾರೂ ಮಚ್ಚು ಹಾಕುವುದಿಲ್ಲ. ಆದರೆ ಆ ಭಯ ಊರಿನವರಿಗೆ ಇರುತ್ತದೆ, ಹೊರಗಿಂದ ಬಂದ ಗ್ಯಾಂಗಿಗೆ ಇರುವುದಿಲ್ಲ.

ಎರಡು ಸಲ ಚಿಗುರು ಮುರಿಯಿತು. ಆತುರಪಟ್ಟು ಎರಡು ಗೇಣು ಎಳೆದದ್ದಕ್ಕೆ. ನನ್ನ ನಿವೃತ್ತಿಯ ದಿನ ಎರಡು ತುದಿಗಳ ನಡುವೆ ಇನ್ನೂ ಒಂದು ಮಾರು ಉಳಿದಿತ್ತು. ಮುಗಿಯಲಿಲ್ಲವಲ್ಲ ಎಂದು ಕೊರಗು ಹತ್ತಿತು. ಮಿಕ್ಕ ಒಂದು ಮಾರನ್ನು ನಂಜುಂಡ ಎಳೆದ. ಮುಂದಿನ ಮಳೆಗಾಲ ಕಳೆದು ಫೋನ್ ಮಾಡಿ, “ಅಣ್ಣಾ, ಮುಟ್ಕೊಂಡ್ವು” ಅಂದ. ಅಷ್ಟೇ ಅಂದು ಇಟ್ಟುಬಿಟ್ಟ. ಅದಾಗಿ ಒಂದು ವರ್ಷಕ್ಕೆ ಮೇಡಂ ಫೋನ್ ಮಾಡಿದರು. ಬಲಗಿವಿಯ ತುದಿ ಹರಿದ ಒಂದು ಗಂಡು ಕಾಡುಪಾಪ ತೋಪಿನಲ್ಲಿ ಮಾತ್ರ ಅವರ ಕಣ್ಣಿಗೆ ಬೀಳುತ್ತಿತ್ತಂತೆ, ಈಗ ಗುಡ್ಡದ ಕಡೆ ಸಿಕ್ಕಿದೆಯಂತೆ. ನಾನು ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಒಲೆ ಆರಿಸಿ, “ಅಂತೂ ನನ್ ಸೀರೆ ದಂಡ ಆಗ್ಲಿಲ್ಲ” ಅಂದಳು.

ಆದರೆ ಲೈನಿನವನಿಗೆ ಗೊತ್ತು, ಎಷ್ಟೋ ವರ್ಷ ಬೆಳೆದದ್ದು ಒಂದು ಬೆಳಿಗ್ಗೆ ಹೋಗುತ್ತದೆ. ರೆಂಬೆ ಕಡಿಯುವ ಕೆಲಸ ಈಗ ಗುತ್ತಿಗೆಯವರದು. ವರ್ಷಕ್ಕೊಂದು ಗ್ಯಾಂಗು ಬರುತ್ತದೆ. ಬೇಸಿಗೆಯ ಕೊನೆಗೆ ಅವರು ಆ ರಸ್ತೆಗೆ ಬರುವ ದಿನ ವಿಚಾರಿಸಿಕೊಂಡು ನಾನು ಹೋಗಿ ಮರದ ಕೆಳಗೆ ನಿಲ್ಲುತ್ತಿದ್ದೆ. ಮೊದಲ ಸಲ ಜಗಳವೇ ಆಯಿತು.

“ತಾತ, ಪಕ್ಕಕ್ಕೆ ಹೋಗಿ, ತಲೆ ಮೇಲೆ ಬಿದ್ರೆ ನಾವು ಜವಾಬ್ದಾರರಲ್ಲ.”

“ಕೆಳಗೆ ಕೇಬಲ್ ಐತೆ, ತಂತಿ ಅಲ್ಲ. ಆ ರೆಂಬೆ ತೆಗೆಯೋ ಹಾಗಿಲ್ಲ. ನಿಮ್ ಸಾಹೇಬ್ರಿಗೆ ಫೋನ್ ಮಾಡಿ, ನಾನಿಲ್ಲೇ ಇರ್ತೀನಿ.”

ಮೂರು ಬೇಸಿಗೆ ಹೀಗೆ ನಿಂತು, ಬಂದ ಗ್ಯಾಂಗಿಗೆಲ್ಲ ಅಲ್ಲಿ ಕಾಡುಪಾಪ ದಾಟುವುದನ್ನು ಹೇಳಿದೆ. ನಾಲ್ಕನೆಯದಕ್ಕೆ ಮಂಡಿ ಆಪರೇಷನ್ ಆಗಿ ಮಲಗಿದ್ದೆ. ಐದನೆಯದಕ್ಕೂ ಮೆಟ್ಟಿಲು ಇಳಿಯಲಾಗಲಿಲ್ಲ. ಅಷ್ಟರಲ್ಲಿ ನಂಜುಂಡ ನಿವೃತ್ತನಾಗಿ ಊರು ಸೇರಿದ, ಮೇಡಂ ಬೇರೆ ಕಾಡಿಗೆ ಹೋದರು, ಪುಟ್ಟಮ್ಮ ತೀರಿಕೊಂಡರು. ಅಲ್ಲಿ ಹೇಳುವವರು ಯಾರೂ ಉಳಿದಿರಲಿಲ್ಲ. ಫೋನ್ ಮಾಡಿ ಯಾರನ್ನು ಕೇಳುವುದು? ರೆಂಬೆ ಇದೆಯೋ ಇಲ್ಲವೋ ತಿಳಿಯದೆ ಎರಡು ವರ್ಷ ಕಳೆದೆ.

ಈ ಸಲ ಪವಿತ್ರಳ ಆಯ್ಕೆಯಾದ ಮೇಲೆ ಅವಳನ್ನು ಕರೆದುಕೊಂಡು ಹೊರಟೆ. ಕೆಂಗೇರಿ ದಾಟಿ ಬಸ್ಸಿಳಿದು ತಿರುವಿಗೆ ಬರುತ್ತಿದ್ದ ಹಾಗೆ ಗರಗಸದ ಸದ್ದು ಕೇಳಿತು. ಗ್ಯಾಂಗು ಆಗಲೇ ಬಂದಿತ್ತು. ಮಂಡಿ ಮರೆತು ಓಡಿದೆ. ಪವಿತ್ರ ಹಿಂದಿನಿಂದ “ತಾತಾ, ನಿಧಾನ!” ಎಂದು ಕೂಗುತ್ತಲೇ ಇದ್ದಳು. ರಸ್ತೆಯ ತುಂಬ ಸೊಪ್ಪು ಬಿದ್ದಿತ್ತು. ಹುಣಸೆ ಸೊಪ್ಪು, ಗೋಣಿ ಎಲೆ. ಅದನ್ನು ನೋಡಿ ಕಾಲು ನಿಂತಿತು. ತಲೆ ಎತ್ತಲು ಧೈರ್ಯವಾಗಲಿಲ್ಲ.

“ಏ ಅಜ್ಜಾರ, ಅಲ್ಲಿ ನಿಂದ್ರಬ್ಯಾಡ್ರೀ, ಈ ಕಡೆ ಬರ್ರಿ!”

ಗ್ಯಾಂಗಿನ ಮೇಸ್ತ್ರಿ. ನಲವತ್ತರ ಮನುಷ್ಯ, ದಪ್ಪ ಮೀಸೆ, ರಾಯಚೂರು ಕಡೆಯವರಂತೆ. ಅವರೇ ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆತಂದರು. ಆಗ ಮೇಲೆ ನೋಡಿದೆ. ಅತ್ತ ಇತ್ತ ಎಲ್ಲ ತೆಗೆದಿದ್ದರು. ನಡುವೆ, ರಸ್ತೆಯ ಮೇಲೆ, ನನ್ನ ತೊಡೆಯಷ್ಟು ದಪ್ಪಗೆ ಬಲಿತ ರೆಂಬೆಗಳು ಒಂದರೊಳಗೊಂದು ಸೇರಿ ಹಾಗೆಯೇ ಇದ್ದವು.

“ಅದನ್ನ ತೆಗೆಯಲ್ವಾ?” ಎಂದು ಕೇಳಿದೆ.

“ಅದನ್ನ ಕಡಿಯಂಗಿಲ್ರೀ. ಕಾಡುಪಾಪ ದಾಟತಾವ ಅದರ ಮ್ಯಾಲೆ. ಈ ಕಡೀದ್ದು ಆ ಕಡೆ ಹೋಗಾಕ ಅದೊಂದ ದಾರಿ ಐತಿ. ಒಣಗಿದ ಕಡ್ಡಿ ಇದ್ರ ಅಷ್ಟ ತೆಗೀತೀವಿ.”

“ಯಾರು ಹೇಳಿದ್ರು ನಿಮಗೆ?”

“ಹ್ವಾದ ವರ್ಷದ ಗ್ಯಾಂಗಿನವ್ರು ಹೇಳಿದ್ರಿ.”

“ಅವ್ರಿಗೆ?”

“ಅದೇನ್ ಗೊತ್ರೀ ಅಜ್ಜಾರ. ಇಲ್ಲಿ ಮೊದಲಿಂದ್ಲೂ ಹಂಗ ಅಂತ.”

ಪವಿತ್ರ “ಅಣ್ಣಾ, ಇವ್ರೇ ನಮ್ ತಾತ…” ಎಂದು ಬಾಯಿ ತೆಗೆದಳು. ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ. ಅವಳು ಮಾತು ತಿರುಗಿಸಿ, ತನಗೆ ಲೈನ್ ಕೆಲಸ ಸಿಕ್ಕಿದ್ದನ್ನು ಹೇಳಿದಳು. ಮೇಸ್ತ್ರಿ ಖುಷಿಪಟ್ಟು, ಕಾಡುಪಾಪ ಹೇಗೆ ಕೈ ಇಟ್ಟು ಕೈ ತೆಗೆಯುತ್ತದೆ ಎಂದು ತಮ್ಮ ಎರಡು ಕೈಯಲ್ಲೂ ಆಡಿ ತೋರಿಸಿದರು. ನಾನೂ ಹೊಸದಾಗಿ ಕೇಳುವವನಂತೆ ತಲೆಯಾಡಿಸುತ್ತ ನಿಂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಪವಿತ್ರ ಕೇಳಿದಳು: “ನೀನೇ ಕಟ್ಟಿದ್ದು ಅಂತ ಯಾಕ್ ಹೇಳ್ಲಿಲ್ಲ ತಾತ?”

“ನನ್ ಹೆಸ್ರು ಹೇಳಿದ್ರೆ ನಾನಿರೋ ತನಕ ಬಿಡ್ತಾರೆ ಕಣೇ. ಮೊದಲಿಂದ್ಲೂ ಹಂಗೇ ಅಂದ್ರೆ, ಯಾವತ್ತೂ ಮುಟ್ಟಲ್ಲ.”

ಹೇಳಿದವನಿಗೇ ನಗು ತಡೆಯಲಾಗದೆ ಬಿದ್ದು ಬಿದ್ದು ನಕ್ಕೆ. ಕಣ್ಣಲ್ಲಿ ನೀರು ಬಂತು. ಕಂಡಕ್ಟರ್ ತಿರುಗಿ ನೋಡಿದ.

ಅದಕ್ಕೇ ಮಕ್ಕಳೇ, ಇಷ್ಟೆಲ್ಲ ಬರೆದರೂ ಆ ಊರಿನ ಹೆಸರು ಬರೆದಿಲ್ಲ. ಆ ಕಡೆ ನಿಮಗೆ ಕೆಲಸ ಬಿದ್ದರೆ, ಹತ್ತುವ ಮುಂಚೆ ಅಲ್ಲಿಯ ಮೇಸ್ತ್ರಿಯನ್ನು ಕೇಳಿ. ಅವರು ಹೇಳಿದ ಹಾಗೆ ಮಾಡಿ.